ಉದ್ದಣ್ಣನ ಕೊನೆಯ ಮಾತು

ಭಾನುವಾರ ಬೆಳಿಗ್ಗೆ ಆ ಮನೆಯಲ್ಲಿ ತಿಂಡಿ ತಿಂದವರು ಇಬ್ಬರೇ, ನರ್ಸಮ್ಮ ಮತ್ತು ಅವಳ ಗಂಡ. ಮನೆಯವರಿಗೆ ಅಂದು ಉಪವಾಸ. ಕ್ರೈಸ್ತರಲ್ಲೇ ಒಂದು ಪಂಗಡವಾದ ಮಾರ್ಮನ್ ಪಂಥದವರು ತಿಂಗಳ ಮೊದಲ ಭಾನುವಾರ ಎರಡು ಹೊತ್ತು ಏನನ್ನೂ ಮುಟ್ಟುವುದಿಲ್ಲವಂತೆ. ಆದರೂ ಆ ಮನೆಯ ತಾಯಿ ಅತಿಥಿಗಳಿಗೆಂದು ಬ್ರೆಡ್ಡು, ಮೊಟ್ಟೆ, ಹಣ್ಣು ಎಲ್ಲವನ್ನೂ ಮೇಜಿನ ಮೇಲೆ ಹರಡಿ, ಎದುರಿಗೆ ಕೂತು, ತಿನ್ನಿ ತಿನ್ನಿ ಎಂದು ಕೈಸನ್ನೆ ಮಾಡುತ್ತಿದ್ದಳು. ನರ್ಸಮ್ಮ ಸಂಕೋಚದಿಂದ ಅರ್ಧ ಮೊಟ್ಟೆ ತಿಂದು ತಟ್ಟೆ ಸರಿಸಿದಳು. ಬಸ್ ಕಂಡಕ್ಟರ್ ಆಗಿ ನಿವೃತ್ತನಾಗಿದ್ದ ಗಂಡನಿಗೆ ಆ ತೊಂದರೆ ಇರಲಿಲ್ಲ.

“ಅವರ ಪುಣ್ಯ ಅವರಿಗೆ, ನಮ್ಮ ಮೊಟ್ಟೆ ನಮಗೆ,” ಎಂದು ಅವನು ಇನ್ನೊಂದಕ್ಕೆ ಕೈ ಹಾಕಿದ.

ಗೋಡೆಯ ಮೇಲಿನ ಪಟದಿಂದ ಆ ಮನೆಯ ಮಗ ಉದ್ದಣ್ಣ ನೋಡುತ್ತಿದ್ದ. ಬಿಳಿ ಅಂಗಿ, ಕಪ್ಪು ಟೈ, ಜೇಬಿನ ಮೇಲೆ ಹೆಸರಿನ ಪಟ್ಟಿ, ನಗಲೋ ಬೇಡವೋ ಎಂಬಂಥ ಮುಖ.

ಆ ಹೆಸರು ಇಟ್ಟವಳು ನರ್ಸಮ್ಮನೇ. ಅವಳು ದೊಡ್ಡಾಸ್ಪತ್ರೆಯ ತುರ್ತು ವಾರ್ಡಿನಲ್ಲಿದ್ದಾಗ ಊರಿನಲ್ಲಿ ಇಬ್ಬರು ಪರದೇಶದ ಹುಡುಗರು ಸೈಕಲ್ಲಿನಲ್ಲಿ ಓಡಾಡುತ್ತಿದ್ದರು. ಜನ ಅವರನ್ನು ಟೈ ಹುಡುಗರು ಎನ್ನುತ್ತಿದ್ದರು. ತಮ್ಮ ಧರ್ಮದ ಮಾತು ಹೇಳಲು ಎರಡು ವರ್ಷಕ್ಕೆಂದು ಬಂದವರು; ಅಲ್ಲಿಯವರೆಗೆ ಮನೆಗೆ ಹೋಗುವಂತಿಲ್ಲ, ಜೋಡಿ ಬಿಟ್ಟು ಒಂಟಿಯಾಗಿ ತಿರುಗುವಂತಿಲ್ಲ. ನಮ್ಮ ಭಾಷೆಯನ್ನು ಲಿಂಗ ವಚನಗಳ ಹಂಗಿಲ್ಲದೆ ಕಲಿತಿದ್ದರು. ಅವರಲ್ಲಿ ಒಬ್ಬನಿಗೆ ಜ್ವರ ಬಂದು ಮೆದುಳಿಗೇರಿತು. ಆಸ್ಪತ್ರೆಯ ಮಂಚಕ್ಕೆ ಅವನ ಕಾಲು ಹಿಡಿಸಲಿಲ್ಲ. ನರ್ಸಮ್ಮ ತುದಿಗೆ ಒಂದು ಸ್ಟೂಲಿಟ್ಟು, ಅದರ ಮೇಲೆ ದಿಂಬಿಟ್ಟು, “ಬಾರಪ್ಪ ಉದ್ದಣ್ಣ, ಇನ್ನು ಕಾಲು ಚಾಚು” ಎಂದಿದ್ದಳು. ಜೊತೆಗಾರನನ್ನು ಒಳಗೆ ಬಿಟ್ಟಿರಲಿಲ್ಲ. ಅವನು ಗಾಜಿನ ಬಾಗಿಲ ಹೊರಗೆ ಕೂತೇ ಇದ್ದ. ಹುಡುಗನ ತಾಯಿ ವಿಮಾನ ಹಿಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆ ತಾಯಿ ಅಂದು ನರ್ಸಮ್ಮನನ್ನು ತಬ್ಬಿಕೊಂಡು ಅತ್ತಿದ್ದಳು. ಭಾಷೆ ಇರಲಿಲ್ಲ, ಮಾತೂ ಆಗಿರಲಿಲ್ಲ. ಆಮೇಲೆ ಪ್ರತಿವರ್ಷ ಮಗನ ಹುಟ್ಟಿದ ದಿನ ಫೋನು ಮಾಡಿ, “ಸಿಸ್ಟರ್, ಥ್ಯಾಂಕ್ಯೂ” ಎಂದಷ್ಟೇ ಹೇಳಿ ಇಡುತ್ತಿದ್ದಳು. ಈಗ ನರ್ಸಮ್ಮನಿಗೂ ನಿವೃತ್ತಿಯಾಗಿ, ಗಂಡಹೆಂಡಿರು ಒಂದು ಪ್ರವಾಸದ ಗುಂಪಿನ ಜೊತೆ ಸಮುದ್ರ ದಾಟಿ ಬಂದಾಗ, ದಾರಿಯಲ್ಲೇ ಉದ್ದಣ್ಣನ ಊರು. ನಮ್ಮ ಮನೆಗೆ ಬರಲೇಬೇಕು ಎಂದು ತಾಯಿ ಹಟ ಹಿಡಿದಳು. ಗುಂಪು ಮುಂದಿನ ಊರು ನೋಡಿಕೊಂಡು ಬರುವತನಕ ಇಲ್ಲಿರುವುದೆಂದಾಯಿತು.

ಎಲ್ಲ ಚೆನ್ನಾಗಿಯೇ ಇತ್ತು, ಹಿಂದಿನ ಸಂಜೆಯವರೆಗೆ. ಸಂಜೆ ಉದ್ದಣ್ಣನ ಹಳೆಯ ಜೊತೆಗಾರ ಬಂದ. ನರ್ಸಮ್ಮ ಅವನನ್ನು ಅಂದಿನಿಂದಲೂ ಜೋಡಿ ಎಂದೇ ಕರೆಯುತ್ತಿದ್ದಳು. ಈಗ ಮದುವೆಯಾಗಿ, ಮುಂದಲೆ ಬೋಳಾಗಿ, ಪಕ್ಕದ ಬೀದಿಯಲ್ಲೇ ಇದ್ದ. ನಮ್ಮ ಭಾಷೆ ಇನ್ನೂ ತುಕ್ಕು ಹಿಡಿದಿರಲಿಲ್ಲ, ಆದರೆ ಡೊಂಕಾಗಿತ್ತು. ಪಟದ ಕೆಳಗೆ ಬರೆದಿದ್ದ ಸಾಲನ್ನು ಅವನೇ ಓದಿ ಹೇಳಿದ:

“ಇದು ಹೀಗೆ ಇದೆ ಸಿಸ್ಟರ್. ‘ಅವನು ಹೆದರದೆ, ಪ್ರಾರ್ಥನೆ ಮಾಡುತ್ತ, ಶಾಂತಿಯಾಗಿ ಹೋದನು.’ ನಾನು ಅಮ್ಮನಿಗೆ ಹೇಳಿದೆ. ನಾನು ಗಾಜಿನಿಂದ ನೋಡಿದೆ.”

ಆ ಗಳಿಗೆಯಲ್ಲಿ ನಡೆದದ್ದು ಬೇರೆಯೇ; ಅದನ್ನು ನರ್ಸಮ್ಮ ಗಂಡನಿಗೊಬ್ಬನಿಗೇ ಹೇಳಿದ್ದಳು. ಅವಳು ಗಂಡನ ಮುಖ ನೋಡಿದಳು. ಅವನು ಪಟ ನೋಡುವವನಂತೆ ಮುಖ ತಿರುಗಿಸಿದ. ಜೋಡಿ ಮುಂದುವರಿಸಿದ: ಈ ಮನೆಯ ಮಗಳೂ ಬರುವ ತಿಂಗಳು ಅಣ್ಣನ ಹಾಗೆಯೇ ದೂರದ ದೇಶಕ್ಕೆ ಹೊರಡುತ್ತಾಳೆ. ನಾಳೆಯ ಸಭೆಯಲ್ಲಿ ಯಾರು ಬೇಕಾದರೂ ಎದ್ದು ತಮ್ಮ ಮನಸ್ಸಿನ ಮಾತು ಹೇಳಬಹುದು. ಅಮ್ಮನ ಆಸೆ ಏನೆಂದರೆ, ಸಿಸ್ಟರ್ ಬಂದು ಉದ್ದಣ್ಣನ ಕೊನೆಯ ಗಳಿಗೆಯ ಬಗ್ಗೆ ಎಲ್ಲರಿಗೂ ಹೇಳಬೇಕು.

ತಿಂಡಿಯಾದ ಮೇಲೆ ಕೋಣೆಯಲ್ಲಿ ಸೀರೆಗೆ ಪಿನ್ನು ಹಾಕುತ್ತ ನರ್ಸಮ್ಮ, “ನಾನು ಬರಲ್ಲ. ಹೊಟ್ಟೆನೋವು ಅಂತ ಹೇಳಿಬಿಡಿ,” ಎಂದಳು.

“ಈಗ ತಾನೇ ಅವರ ಕಣ್ಣೆದುರಿಗೆ ತಿಂದಿದ್ದೀಯ. ಅವರ ಮೊಟ್ಟೆ ಮೇಲೆ ಯಾಕೆ ಅಪವಾದ ಹಾಕ್ತೀಯ?” ಎಂದ ಗಂಡ. ಆಮೇಲೆ ದನಿ ತಗ್ಗಿಸಿ, “ನೋಡು, ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ಒಂದೇ ಒಂದು ಸುಳ್ಳು ಹೇಳಿ ಹೆತ್ತಹೊಟ್ಟೆ ತಣ್ಣಗೆ ಮಾಡೋಕಾಗಲ್ವಾ? ಹೌದಮ್ಮ, ಪ್ರಾರ್ಥನೆ ಮಾಡ್ತಿದ್ದ ಅಂದ್ಬಿಡು. ರೈಟ್ ಅಂದ್ರೆ ಗಾಡಿ ಮುಂದಕ್ಕೆ ಹೋಗುತ್ತೆ.”

“ನಿಮಗೇನು, ನೀವು ಸೀಟಿ ಊದಿ ಬಾಗಿಲಲ್ಲಿ ನಿಂತಿರ್ತೀರಿ. ಅವನ ಕೈ ಹಿಡಿದಿದ್ದವಳು ನಾನು.”

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಆ ಮನೆಯ ಮಗಳು. ಉಗುರು ಕಚ್ಚಿ ಕಚ್ಚಿ ಬೆರಳ ತುದಿಗಳು ಕೆಂಪಾಗಿದ್ದವು. ಬಾಗಿಲು ಮುಂದೆ ಮಾಡಿ, ಫೋನಿಗೆ ಏನೋ ಪಿಸುಗುಟ್ಟಿ, ಅದನ್ನು ನರ್ಸಮ್ಮನ ಮುಂದೆ ಹಿಡಿದಳು. ಫೋನು ನಮ್ಮ ಭಾಷೆಯಲ್ಲಿ, ರೈಲು ನಿಲ್ದಾಣದ ಪ್ರಕಟಣೆಯಂತೆ ಕೇಳಿತು: “ನನ್ನ ಸಹೋದರನು ಭಯಪಟ್ಟನೇ?”

ನರ್ಸಮ್ಮ ಬಾಯಿ ತೆರೆದಳು. ಕೆಳಗಿನಿಂದ ತಾಯಿ ಕೂಗಿದಳು, ಕಾರು ಸಿದ್ಧವಾಗಿದೆ. ಹುಡುಗಿ ಫೋನನ್ನು ಬಚ್ಚಿಟ್ಟುಕೊಂಡು ಮೆಟ್ಟಿಲಿಳಿದು ಓಡಿದಳು.

ಮಾರ್ಮನ್ ಪ್ರಾರ್ಥನಾ ಮಂದಿರ ಎಂದರೆ ನರ್ಸಮ್ಮ ದೊಡ್ಡ ಗೋಪುರ, ಮೇಣದಬತ್ತಿ, ಶಿಲುಬೆ ಎಂದೆಲ್ಲ ಎಣಿಸಿದ್ದಳು. ಅದು ಶಾಲೆಯಂಥ ತಗ್ಗಾದ ಇಟ್ಟಿಗೆ ಕಟ್ಟಡ. ಒಳಗೆ ಒಂದೂ ಮೂರ್ತಿಯಿಲ್ಲ, ಶಿಲುಬೆಯೂ ಇಲ್ಲ. ದಪ್ಪ ಜಮಖಾನೆ, ಉದ್ದನೆಯ ಬೆಂಚುಗಳು, ಮುಂದೆ ಒಂದು ಭಾಷಣಪೀಠ. ಸಭಾಂಗಣದ ಹಿಂದಿನ ಮಡಿಚುವ ಗೋಡೆ ಅರ್ಧ ತೆರೆದಿತ್ತು; ಆಚೆಗೆ ಬಾಸ್ಕೆಟ್‌ಬಾಲ್ ಅಂಕಣ ಕಾಣುತ್ತಿತ್ತು. ಗಂಡ ಅದನ್ನು ನೋಡಿ, “ಪರವಾಗಿಲ್ಲ, ದೇವರಿಗೂ ಸ್ವಲ್ಪ ವ್ಯಾಯಾಮ,” ಎಂದು ಗೊಣಗಿದ. ಬಾಗಿಲಲ್ಲಿ ಎಲ್ಲರೂ ಕೈಕುಲುಕಿ ಹೆಂಗಸರಿಗೆಲ್ಲ “ಸಿಸ್ಟರ್, ಸಿಸ್ಟರ್” ಎನ್ನುತ್ತಿದ್ದರು. ಅದು ಅಲ್ಲಿಯ ರೂಢಿ. ನರ್ಸಮ್ಮ ಮಾತ್ರ ಪ್ರತಿ ಸಲ ಯಾವುದೋ ಮಂಚದಿಂದ ಕರೆ ಬಂದಂತೆ ಬೆಚ್ಚಿ ತಿರುಗುತ್ತಿದ್ದಳು.

ಎರಡನೆಯ ಸಾಲಿನಲ್ಲಿ ಕೂತರು. ಒಂದು ಕಡೆ ತಾಯಿ, ಇನ್ನೊಂದು ಕಡೆ ಗಂಡ, ತಾಯಿಯಾಚೆ ಮಗಳು. ಹಾಡಾಯಿತು. ಮುರಿದ ಬ್ರೆಡ್ಡಿನ ತಟ್ಟೆ ಸಾಲಿನಿಂದ ಸಾಲಿಗೆ ಸಾಗಿತು, ಅದರ ಹಿಂದೆ ಪುಟ್ಟ ಪುಟ್ಟ ಲೋಟಗಳಲ್ಲಿ ನೀರು. ಗಂಡ ತೆಗೆದುಕೊಳ್ಳಲೋ ಬಿಡಲೋ ಎಂದು ನರ್ಸಮ್ಮನ ಕಡೆ ನೋಡಿ, ಕೊನೆಗೆ ಕೈಮುಗಿದು ಮುಂದೆ ದಾಟಿಸಿದ. ಆಮೇಲೆ ಒಬ್ಬೊಬ್ಬರಾಗಿ ಎದ್ದು ಪೀಠಕ್ಕೆ ಹೋಗಿ ಮಾತಾಡತೊಡಗಿದರು. ಕೆಲವರು ಅತ್ತರು. ಪ್ರತಿ ಮಾತಿನ ಕೊನೆಗೂ ಇಡೀ ಸಭೆ “ಆಮೆನ್” ಎನ್ನುತ್ತಿತ್ತು. ಒಬ್ಬರು ಇಳಿದು ಇನ್ನೊಬ್ಬರು ಏಳುವ ನಡುವಿನ ಮೌನದಲ್ಲಿ ತಾಯಿಯ ಮೊಣಕೈ ಮೆಲ್ಲಗೆ ನರ್ಸಮ್ಮನಿಗೆ ತಾಗುತ್ತಿತ್ತು. ನರ್ಸಮ್ಮ ಸೆರಗಿನ ಅಂಚು ಸುತ್ತುತ್ತ ಕೂತಳು. ಮತ್ತೆ ಮೌನ. ಮತ್ತೆ ಮೊಣಕೈ. ಜೋಡಿ ಆಗಲೇ ಎದ್ದು ಪೀಠದ ಪಕ್ಕ ಹೋಗಿ ನಿಂತು ಇವಳನ್ನೇ ನೋಡಿ ನಗುತ್ತಿದ್ದ.

ಇನ್ನು ಕೂತರೆ ಮರ್ಯಾದೆಯಲ್ಲ ಎಂದು ಎದ್ದಳು.

ಅವಳು ಕುಳ್ಳಿ. ಜೋಡಿ ಯಾವುದೋ ಗುಂಡಿ ಒತ್ತಿದಾಗ ಪೀಠವೇ ಗುಂಯ್ ಎಂದು ಕೆಳಗಿಳಿದು ಮೈಕು ಬಾಯಿಗೆ ಬಂತು. ಎದುರಿಗೆ ಅಷ್ಟೊಂದು ಮುಖ. ಅಳೆದು ತೂಗಿ ಮಾತಾಡಿ ಇಳಿದುಬಿಡುವುದು ಎಂದು ಅವಳು ಮೊದಲೇ ನಿಶ್ಚಯಿಸಿದ್ದಳು.

“ಎಲ್ಲರಿಗೂ ನಮಸ್ಕಾರ. ನಾನು ನರ್ಸು. ನಿಮ್ಮ ಹುಡುಗ ನಮ್ಮ ವಾರ್ಡಲ್ಲಿದ್ದ. ಅವನ ಕಾಲು ಮಂಚದಲ್ಲಿ ಹಿಡಿಸ್ತಿರಲಿಲ್ಲ. ಸ್ಟೂಲು ಹಾಕಿ ಮಂಚ ಉದ್ದ ಮಾಡಿದ್ವಿ.”

ಜೋಡಿ ಅದನ್ನು ಅವರ ಭಾಷೆಯಲ್ಲಿ ಹೇಳಿದ. ಸಭೆ ನಕ್ಕಿತು. ಉದ್ದಣ್ಣ ಎಷ್ಟುದ್ದ ಇದ್ದನೆಂದು ಅವರಿಗೂ ಗೊತ್ತಿತ್ತಲ್ಲ.

“ಜ್ವರ ಇಳಿದಾಗೆಲ್ಲ ತಮಾಷೆ ಮಾಡ್ತಿದ್ದ. ಸೂಜಿ ಚುಚ್ಚಿದ್ರೆ, ‘ಸಿಸ್ಟರ್, ನಿಮ್ಮ ಊರಿನ ಸೊಳ್ಳೆ ನಿಮಗಿಂತ ಒಳ್ಳೆಯವನು’ ಅಂತಿದ್ದ.”

ಮತ್ತೆ ನಗು. ತಾಯಿಯೂ ಕಣ್ಣೊರೆಸಿಕೊಂಡು ನಕ್ಕಳು.

“ಕೊನೆ ದಿನ ಮಧ್ಯಾಹ್ನ ನಾನು ಅವನ ಪಕ್ಕದಲ್ಲೇ ಇದ್ದೆ. ಕೈ ಹಿಡ್ಕೊಂಡಿದ್ದೆ. ಅವನು ಒಬ್ಬನೇ ಇರಲಿಲ್ಲ. ಅಷ್ಟೇ ನಾನು ಹೇಳೋದು.”

ಬಚಾವಾದೆ ಎಂದು ಅವಳು ಕೈಮುಗಿಯಲು ಹೊರಟಳು. ಆದರೆ ಜೋಡಿಯ ಮಾತು ಮುಗಿಯಲಿಲ್ಲ. ಅವಳು ಹೇಳಿದ್ದಕ್ಕಿಂತ ಉದ್ದಕ್ಕೆ ಸಾಗಿತು. ಆ ಭಾಷೆ ಅವಳಿಗೆ ಅಷ್ಟಾಗಿ ಬಾರದು. ಆದರೆ ಅದರಲ್ಲಿ ಎರಡು ಪದಗಳು ಚೆನ್ನಾಗಿ ಗೊತ್ತಿದ್ದವು. ದೊಡ್ಡಾಸ್ಪತ್ರೆಯ ಮೂಲೆಯ ಕೋಣೆಯ ಬಾಗಿಲ ಮೇಲೆ ಎರಡು ಭಾಷೆಯಲ್ಲೂ ಬರೆದಿತ್ತು, ಪ್ರಾರ್ಥನೆ, ಶಾಂತಿ. ಆ ಬಾಗಿಲ ಮುಂದೆ ಜೀವಮಾನವಿಡೀ ಓಡಾಡಿದವಳು ಅವಳು. ಆ ಎರಡು ಪದಗಳು ಈಗ ಅವಳ ಹೆಸರಿನಲ್ಲಿ ಜೋಡಿಯ ಬಾಯಿಂದ ಹೊರಬಿದ್ದವು. ತಾಯಿ ಕಣ್ಣುಮುಚ್ಚಿ, ಬಹಳ ದಿನದ ಬಾಯಾರಿಕೆ ತೀರಿದವಳಂತೆ ತಲೆಯಾಡಿಸಿದಳು. ಮಗಳು ಮಾತ್ರ ಕಣ್ಣು ಮಿಟುಕಿಸದೆ ನರ್ಸಮ್ಮನನ್ನು ನೋಡುತ್ತಿದ್ದಳು, ಬೆರಳು ಹಲ್ಲಿನ ನಡುವೆ.

ಡ್ಯೂಟಿ ಬದಲಾಗುವಾಗ ಮುಂದಿನ ನರ್ಸಿಗೆ ಕಂಡದ್ದನ್ನು ಕಂಡಂತೆ ಹೇಳಬೇಕು, ಕಾಣದ್ದನ್ನು ಸೇರಿಸಬಾರದು. ಸೇರಿಸಿದರೆ ರೋಗಿಯ ಜೀವಕ್ಕೆ ಬರುತ್ತದೆ. ಆ ಪಾಠ ನರ್ಸಮ್ಮನ ಮೈಗೆ ಅಂಟಿಹೋಗಿತ್ತು. ಅವಳ ಬಾಯಿ ತಾನಾಗಿ ತೆರೆಯಿತು.

“ನಾನು ಪ್ರಾರ್ಥನೆ ಅಂತ ಹೇಳ್ಲಿಲ್ಲವಲ್ಲಪ್ಪ?”

ಜೋಡಿ ನಗುಮುಖದಲ್ಲೇ, “ಪರವಾಗಿಲ್ಲ ಸಿಸ್ಟರ್. ನಾನು ನೋಡಿದೆ. ಅವನ ತುಟಿ ಆಡುತ್ತಿದ್ದವು,” ಎಂದ.

“ತುಟಿ ಆಡ್ತಿತ್ತು. ಪ್ರಾರ್ಥನೆ ಅಲ್ಲ.”

ಎರಡೂ ಮಾತು ಮೈಕಿನಲ್ಲಿ ಹೋದವು. ಸಭೆಗೆ ಅರ್ಥವಾಗದು, ಅನುವಾದಕ್ಕಾಗಿ ಕಾಯುತ್ತಿದ್ದರು. ಇಡೀ ಸಭಾಂಗಣದಲ್ಲಿ ಆ ಮಾತು ತಿಳಿದ ಇನ್ನೊಬ್ಬನೆಂದರೆ ಅವಳ ಗಂಡ. ಅವನು ಅರ್ಧ ಎದ್ದು, ಬೇಡ ಬೇಡ ಎಂದು ಕೈಯಾಡಿಸಿ, ಅಕ್ಕಪಕ್ಕದವರು ನೋಡಿದಾಗ ನೊಣ ಓಡಿಸಿದವನಂತೆ ಕೂತ.

ಜೋಡಿಯ ಮುಖದಿಂದ ನಗು ಇಳಿಯಿತು. “ಮತ್ತೆ ಏನು?” ಎಂದ, ಪಿಸುದನಿಯಲ್ಲಿ.

“ಮನೆಗೆ ಹೋಗಬೇಕು ಅಂದ. ‘ನಾನು ಈ ದೇಶಕ್ಕೆ ಬರಲ್ಲ ಅಂದಿದ್ದೆ, ಅಮ್ಮ ಕಳಿಸಿದಳು’ ಅಂದ. ತುಂಬ ಹೆದರಿಕೆ ಸಿಸ್ಟರ್ ಅಂದ.”

“ಸಿಸ್ಟರ್, ಬೇಡ. ದಯವಿಟ್ಟು.”

“‘ನಿನ್ನ ಸ್ನೇಹಿತನ್ನ ಕರೀಲಾ, ಪ್ರಾರ್ಥನೆ ಮಾಡ್ತೀಯಾ’ ಅಂತ ನಾನೇ ಕೇಳಿದೆ. ‘ಪ್ರಾರ್ಥನೆ ಸಾಕು, ನೀವು ಇರಿ’ ಅಂದ. ಅಮ್ಮನ ಮೇಲೆ ಕೋಪ ಅಂದ. ಅಮ್ಮ ಯಾಕೆ ಬರಲಿಲ್ಲ ಅಂತ ಕೇಳಿದ. ನಾನು ಕೇಳಿಸ್ಕೊಂಡಿದ್ದು ಇದು. ಹೇಳು ಇವರಿಗೆ.”

ಜೋಡಿ ಪೀಠದ ಅಂಚನ್ನು ಹಿಡಿದು ನಿಂತ. ಎಲ್ಲೋ ಹಿಂದೆ ಮಗುವೊಂದು ಅತ್ತಿತು, ಯಾರೋ ಅದನ್ನು ಹೊರಗೆ ಎತ್ತಿಕೊಂಡು ಹೋದರು. ಕೊನೆಗೆ ಅವನು ಮೈಕಿನತ್ತ ಬಾಗಿ, ಒಂದೇ ಒಂದು ಚಿಕ್ಕ ವಾಕ್ಯ ಹೇಳಿದ. ಏನೆಂದು ನರ್ಸಮ್ಮನಿಗೆ ತಿಳಿಯಲಿಲ್ಲ. ಸಭೆ “ಆಮೆನ್” ಎಂದಿತು. ಎರಡನೆಯ ಸಾಲಿನಲ್ಲಿ ತಾಯಿ ಮಾತ್ರ ಏನೂ ಅನ್ನಲಿಲ್ಲ. ಆಕೆಗೆ ಕನ್ನಡಕದಂಗಡಿ ಇತ್ತು. ದಿನವಿಡೀ ಜನರ ಕಣ್ಣನ್ನು ಹತ್ತಿರದಿಂದ ನೋಡುವ ಕಸುಬು. ಈಗ ಅವಳು ಜೋಡಿಯ ಕಣ್ಣನ್ನು ನೋಡುತ್ತಿದ್ದಳು.

ಮುಂದಿನ ಹಾಡು ಶುರುವಾಗುತ್ತಿದ್ದಂತೆ ಅವಳು ಎದ್ದು ಬಂದು ನರ್ಸಮ್ಮನ ಮಣಿಕಟ್ಟು ಹಿಡಿದಳು. ಓಣಿಯಂಥ ಹಜಾರದಲ್ಲಿ ನಡೆಸಿಕೊಂಡು ಹೋಗಿ ಚಿಕ್ಕಮಕ್ಕಳ ತರಗತಿಯ ಬಾಗಿಲು ತಳ್ಳಿದಳು. ಹಿಂದೆಯೇ ಜೋಡಿ, ಮಗಳು, ಕೊನೆಗೆ ಹೆಂಡತಿಯ ಕೈಚೀಲ ಹಿಡಿದ ಕಂಡಕ್ಟರ್. ಮೊಳಕಾಲೆತ್ತರದ ಕುರ್ಚಿಗಳು, ಗೋಡೆಯ ತುಂಬ ಮಕ್ಕಳು ಬಿಡಿಸಿದ ಚಿತ್ರಗಳು.

ತಾಯಿ ನರ್ಸಮ್ಮನ ಕಡೆ ತೋರಿಸಿ ಎರಡೂ ಕೈಗಳನ್ನು ಅಗಲಕ್ಕೆ ಚಾಚಿದಳು. ಆಮೇಲೆ ಜೋಡಿಯ ಕಡೆ ತೋರಿಸಿ ಅಂಗೈಗಳನ್ನು ಒಂದು ಗೇಣಿಗೆ ತಂದಳು. ಭಾಷೆ ಬೇಕಾಗಲಿಲ್ಲ. ಇವಳು ಇಷ್ಟು ಹೇಳಿದಳು; ನೀನು ಇಷ್ಟೇ ಹೇಳಿದೆ.

ಜೋಡಿ ಬಾಗಿಲಿಗೆ ಬೆನ್ನು ಕೊಟ್ಟು ಹೇಳಿದ. ನೆಲ ನೋಡುತ್ತ, ತಡೆತಡೆದು, ಎಲ್ಲವನ್ನೂ ಹೇಳಿದನೆಂದು ನರ್ಸಮ್ಮನಿಗೆ ಅವನ ದನಿಯಲ್ಲೇ ಗೊತ್ತಾಯಿತು. ಮಧ್ಯೆ ಒಂದು ಸಲ ತಾಯಿ ಅಂಗೈಯಿಂದ ಮೇಜಿಗೆ ಹೊಡೆದಳು. ಬಣ್ಣದ ಕಡ್ಡಿಗಳು ಉರುಳಿ ನೆಲಕ್ಕೆ ಬಿದ್ದವು. ಅವಳು ಜೋಡಿಯನ್ನು ಏನೋ ಕೇಳಿದಳು. ಅವನು ಅಳುತ್ತ ಉತ್ತರ ಕೊಟ್ಟು, ಆ ಉತ್ತರವನ್ನು ನರ್ಸಮ್ಮನಿಗೂ ಹೇಳಿದ, ಯಾರೂ ಕೇಳದಿದ್ದರೂ: “ನಾನು ಹೊರಗೆ ಇದ್ದೆ, ಸಿಸ್ಟರ್. ಅವನು ಹಾಗೆ ಹೋದನು ಅಂತ ನನಗೂ ಬೇಕಾಗಿತ್ತು.”

ಆಗ ತಾಯಿ ನರ್ಸಮ್ಮನ ಕಡೆ ತಿರುಗಿದಳು. ಜೋಡಿ ಆ ಮಾತನ್ನು ಏಕವಚನ ಬಹುವಚನ ಗೊಂದಲದಲ್ಲೇ ತಿರುಗಿಸಿದ: “ನೀನು ಯಾಕೆ ಹೇಳಿದಿರಿ ಅಂತ ಕೇಳುತ್ತಾನೆ ಅಮ್ಮ. ನಿನ್ನನ್ನು ಯಾರು ಕೇಳಿದರು?”

ಗಂಡ ಮುಂದೆ ಬಂದ. “ತಪ್ಪಾಯ್ತು ಅನ್ನು. ಹೋಗೋಣ ನಡಿ,” ಎಂದು ತೋಳು ಹಿಡಿದ. ನರ್ಸಮ್ಮ ಕೊಸರಿಕೊಂಡಳು. ಬೆರಳೆತ್ತಿ ಮಗಳ ಕಡೆ ತೋರಿಸಿದಳು.

“ಇವಳು ಕೇಳಿದಳು.”

ಎಲ್ಲರೂ ತಿರುಗಿದರು. ಹುಡುಗಿ ಗೋಡೆಗೆ ಒತ್ತಿಕೊಂಡಳು. ತಾಯಿ ಏನೋ ಕೇಳಿದಳು, ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. ತಾಯಿ ಮತ್ತೆ ಕೇಳಿದಳು, ಗಟ್ಟಿಯಾಗಿ. ಆಗ ಕಟ್ಟೆಯೊಡೆದಂತೆ ಹುಡುಗಿಯ ಮಾತು ಹರಿಯಿತು. ತಾಯಿಯೂ ನಡುನಡುವೆ ಕೂಗಿದಳು. ಜೋಡಿ ಅನುವಾದ ಮಾಡುವುದನ್ನೇ ಬಿಟ್ಟ. ನರ್ಸಮ್ಮ ಮತ್ತು ಕಂಡಕ್ಟರ್ ಯಾರದೋ ಮನೆಯ ಜಗಳಕ್ಕೆ ಸಿಕ್ಕಿಬಿದ್ದವರಂತೆ ಪಿಳಿಪಿಳಿ ನೋಡುತ್ತ ನಿಂತರು. ಒಂದು ಹಂತದಲ್ಲಿ ತಾಯಿ ಕೈಯೆತ್ತಿದಳು. ಹೊಡೆದೇ ಬಿಡುತ್ತಾಳೆ ಎಂದು ನರ್ಸಮ್ಮ ಒಂದು ಹೆಜ್ಜೆ ಮುಂದಿಟ್ಟಳು. ಆದರೆ ಹುಡುಗಿ ಹೇಳಿದ ಯಾವುದೋ ಒಂದು ಮಾತಿಗೆ ಆ ಕೈ ಗಾಳಿಯಲ್ಲೇ ನಿಂತುಬಿಟ್ಟಿತು.

“ಏನಂದಳು? ಏನಂದಳಪ್ಪ?” ಎಂದಳು ನರ್ಸಮ್ಮ.

ಜೋಡಿ ಮೂಗು ಒರೆಸಿಕೊಂಡ. “ಅಣ್ಣನಿಗೆ ಹೆದರಿಕೆ ಇರಲಿಲ್ಲ ಅಂತ ಎಲ್ಲರೂ ಹೇಳಿದಿರಿ. ನನಗೆ ದಿನವೂ ಹೆದರಿಕೆ. ಹಾಗಾದರೆ ನನ್ನಲ್ಲಿ ಏನೋ ಕೆಟ್ಟದು ಇದೆ, ದೇವರು ನನ್ನ ಜೊತೆ ಇಲ್ಲ ಅಂತ ತಿಳಿದುಕೊಂಡೆ. ಹೀಗೆ ಹೇಳಿದಳು.”

ತಾಯಿ ಕೈ ಇಳಿಸಿ, ಸಿಕ್ಕ ಕುರ್ಚಿಯಲ್ಲಿ ಕುಸಿದಳು. ಅದು ಮಕ್ಕಳ ಕುರ್ಚಿ. ಮೊಣಕಾಲು ಗಲ್ಲಕ್ಕೆ ಬಂದವು. ಗೋಡೆಯಾಚೆ ಸಭೆ ಹಾಡುತ್ತಲೇ ಇತ್ತು. ಹುಡುಗಿ ನೆಲದ ಮೇಲೆ ಕೂತು ಬಣ್ಣದ ಕಡ್ಡಿಗಳನ್ನು ಒಂದೊಂದೇ ಆರಿಸತೊಡಗಿದಳು.

ಕಡ್ಡಿಗಳೆಲ್ಲ ಮೇಜಿಗೆ ಮರಳಿದ ಮೇಲೆ ತಾಯಿ ತಲೆಯೆತ್ತದೆ ಏನೋ ಕೇಳಿದಳು. ಜೋಡಿ ಹೇಳಿದ: “ಕೋಪ ಅಂತ ಹೇಳಿದ ಮೇಲೆ? ಆಮೇಲೆ ಏನು?”

ಇಲ್ಲಿ ಒಂದು ಸಿಹಿ ಮಾತು ಸೇರಿಸಲು ನರ್ಸಮ್ಮನಿಗೆ ಎಷ್ಟು ಆಸೆಯಾಯಿತೆಂದರೆ, ಅದು ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡಳು.

“ಆಮೇಲೆ ಅಮ್ಮ ಅಮ್ಮ ಅಂತಲೇ ಇದ್ದ. ಕೋಪಕ್ಕೆ ಕರೆದನೋ, ಬೇಕು ಅಂತ ಕರೆದನೋ ನನಗೆ ಗೊತ್ತಿಲ್ಲ ತಾಯಿ. ಕರೀತಾ ಕರೀತಾ ದನಿ ಸಣ್ಣದಾಯ್ತು. ನಾನು ಎದ್ದು ಹೋಗಲಿಲ್ಲ. ನಾನು ಕಂಡಿದ್ದು ಇಷ್ಟೇ.”

ಆ ತಾಯಿ ಎದ್ದು ಬಂದು ನರ್ಸಮ್ಮನನ್ನು ತಬ್ಬಿಕೊಳ್ಳಲಿಲ್ಲ. ಕಣ್ಣೊರೆಸಿ, ಬಟ್ಟೆ ಸರಿಮಾಡಿಕೊಂಡು ಹೊರನಡೆದಳು. ಅಂದು ಸಂಜೆ ಇವರನ್ನು ಪ್ರವಾಸದ ಗುಂಪು ತಂಗಿದ್ದ ಹೋಟೆಲಿಗೆ ಬಿಟ್ಟಾಗಲೂ ಸ್ಟಿಯರಿಂಗಿನಿಂದ ಕೈ ತೆಗೆಯಲಿಲ್ಲ. ಮಗಳು ಮಾತ್ರ ಇಳಿದು ಸೂಟ್‌ಕೇಸು ಎತ್ತಿಕೊಟ್ಟು, ನರ್ಸಮ್ಮನ ಎರಡೂ ಕೈಗಳನ್ನು ಕೆನ್ನೆಗೆ ಒತ್ತಿಕೊಂಡು ಓಡಿದಳು.

ಗಂಡ ಲಿಫ್ಟಿನಲ್ಲಿ, “ಇನ್ನು ಆ ಮನೆಯ ಋಣ ತೀರಿತು ಬಿಡು,” ಎಂದ. ಹೆಂಡತಿಯ ಮುಖ ನೋಡಿ, “ನಾನಾಗಿದ್ರೆ ಸುಳ್ಳು ಹೇಳ್ತಿದ್ದೆ. ಆದ್ರೆ ಆ ಹುಡುಗಿ ಮುಖ ನೋಡಿದ ಮೇಲೆ ರಾತ್ರಿ ನಿದ್ದೆ ಬರ್ತಿರಲಿಲ್ಲ,” ಎಂದೂ ಸೇರಿಸಿದ. ಉಳಿದ ಪ್ರವಾಸದಲ್ಲಿ ಯಾವ ಅರಮನೆ ನೋಡಿದರೂ ಯಾವ ಸೇತುವೆ ದಾಟಿದರೂ ನರ್ಸಮ್ಮನಿಗೆ ಕಾಣುತ್ತಿದ್ದುದು ಆ ಪುಟ್ಟ ಕುರ್ಚಿಯಲ್ಲಿ ಮಡಿಚಿ ಕೂತ ಹೆಂಗಸು. ಸರಿಮಾಡಿದೆನೋ ತಪ್ಪುಮಾಡಿದೆನೋ ಎಂದು ತಕ್ಕಡಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲುತ್ತಿತ್ತು.

ಆ ವರ್ಷ ಉದ್ದಣ್ಣನ ಹುಟ್ಟಿದ ದಿನ ಫೋನು ಬರಲಿಲ್ಲ. ನರ್ಸಮ್ಮ ಅಂದು ಸ್ನಾನಕ್ಕೂ ಫೋನನ್ನು ಬಚ್ಚಲ ಬಾಗಿಲ ಬಳಿ ಇಟ್ಟುಕೊಂಡು ಹೋಗಿದ್ದಳು.

ಬಂದದ್ದು ಮರುವರ್ಷ, ಯಾವ ವಿಶೇಷವೂ ಇಲ್ಲದ ಒಂದು ಸಾಮಾನ್ಯ ಮಧ್ಯಾಹ್ನ. ಜೋಡಿಯನ್ನೂ ಮಾತಿಗೆ ಸೇರಿಸಿಕೊಂಡಿದ್ದಳು ತಾಯಿ. ಮಗಳು ಆಗ ದೂರದ ದೇಶಕ್ಕೆ ಹೋಗಲಿಲ್ಲವಂತೆ. ಅಂಗಡಿಯಲ್ಲಿ ತಾಯಿಯ ಜೊತೆ ನಿಂತಳಂತೆ. ಇಬ್ಬರೂ ವಾರಗಟ್ಟಲೆ ಮಾತು ಬಿಟ್ಟಿದ್ದರಂತೆ. ಈಗ ತಾನಾಗಿಯೇ ಹೊರಟಿದ್ದಾಳೆ, ಹೆದರಿಕೆ ಇದೆ ಎಂದು ಎಲ್ಲರ ಮುಂದೆ ಹೇಳಿಯೇ ಹೊರಟಿದ್ದಾಳೆ. ಬೇಡವೆನಿಸಿದ ದಿನ ವಾಪಸು ಬರುವುದೆಂದು ತಾಯಿಯಿಂದ ಮಾತು ತೆಗೆದುಕೊಂಡಿದ್ದಾಳೆ.

“ಮತ್ತೆ ಅಮ್ಮ ಇನ್ನೊಂದು ಕೇಳುತ್ತಾನೆ ಸಿಸ್ಟರ್,” ಎಂದ ಜೋಡಿ. “ಅವನಿಗೆ ಬೇರೆ ಯಾರ ಮೇಲೆ ಕೋಪ ಬಂತು? ಆಸ್ಪತ್ರೆಯಲ್ಲಿ? ಎಲ್ಲ ಹೇಳಬೇಕಂತೆ.”

ನರ್ಸಮ್ಮ ಬಾಗಿಲ ಬಳಿ ಮಣೆ ಎಳೆದುಕೊಂಡು ಕೂತಳು. “ಯಾರ ಮೇಲಾ? ಪಕ್ಕದ ಮಂಚದ ಮುದುಕಪ್ಪನ ಮೇಲೆ! ಇವನು ಕಿಟಕಿ ತೆರೆ ಅನ್ನೋನು, ಅವನು ಮುಚ್ಚು ಅನ್ನೋನು. ಇಬ್ಬರಿಗೂ ಎದ್ದು ನಿಲ್ಲೋಕೆ ಶಕ್ತಿ ಇಲ್ಲ, ಜಗಳಕ್ಕೇನೂ ಕಮ್ಮಿಯಿಲ್ಲ…”

ಜೋಡಿ ತಿರುಗಿಸಿ ಹೇಳಿದ. ಆ ಕಡೆಯಿಂದ ತಾಯಿ ಏನೋ ಅಂದಳು, ದನಿ ಒದ್ದೆಯಾಗಿತ್ತು, ಒಳಗೆ ನಗುವೂ ಇತ್ತು.

“ಮನೆಯಲ್ಲೂ ಹಾಗೇ,” ಎಂದ ಜೋಡಿ. “ಚಳಿಯಲ್ಲೂ ಕಿಟಕಿ ತೆರೆಯುತ್ತಿದ್ದ. ದಿನವೂ ಜಗಳ. ಮುಂದೆ ಹೇಳಿ, ಸಿಸ್ಟರ್.”